ಮುಚ್ಚಳದ ಒಳಗಿನ ಬರಹ

ಕೆಲಸಕ್ಕೆ ಹೊಸದಾಗಿ ಸೇರಿದವರು ಮನೆಗೆ ಬಂದರೆ ಮೊದಲು ಕೇಳುವುದು ಮೂವತ್ತೊಂದು ವರ್ಷದಲ್ಲಿ ಎಷ್ಟು ಬಡ್ತಿ ಸಿಕ್ಕಿತು ಎಂದು. ಎರಡು. ಒಂದರಲ್ಲಿ ಕುರ್ಚಿ ಬದಲಾಯಿತು, ಇನ್ನೊಂದರಲ್ಲಿ ಅದೂ ಬದಲಾಗಲಿಲ್ಲ. ಆ ವಿಷಯ ಇಲ್ಲಿಗೇ ಮುಗಿಯಿತು. ಈ ಕೆಲಸದಲ್ಲಿ ನಾನು ಏನೇನು ಕೆಡಿಸಿದೆ, ಯಾರು ನನ್ನನ್ನು ತಿದ್ದಿದರು, ಕೊನೆಗೆ ಭಾಲ್ಕಿಯಲ್ಲಿ ಏನಾಯಿತು ಎಂಬುದನ್ನಷ್ಟೇ ಬರೆಯುತ್ತೇನೆ. ರಿಪೇರಿಗೆ ಬರುವವರಿಗೆ ಅದೇ ಉಪಯೋಗ.

ನಾನು ಬೀದರದ ಒಂದು ತಾಂತ್ರಿಕ ಕಾಲೇಜಿನಲ್ಲಿ ಕಂಪ್ಯೂಟರ್ ಮೆಕ್ಯಾನಿಕ್ ಆಗಿದ್ದೆ. ಅದೇ ಆಡಳಿತದ ಇನ್ನೊಂದು ಕಾಲೇಜು ಔರಾದದಲ್ಲಿತ್ತು. ಅಲ್ಲಿ ಏನು ಕೆಟ್ಟರೂ ಬಸ್ ಹತ್ತಿ ಹೋಗಬೇಕಾದವನು ನಾನೇ. ಆಗ ಎಲ್ಲರಿಗೂ ಕಂಪ್ಯೂಟರ್ ಎಂದರೆ ಪರದೆ. ಪರದೆ ಬೆಳಗದಿದ್ದರೆ ಪರದೆಯನ್ನೇ ಬೈಯುವರು. ಅದರ ಹಿಂದಿನ ಕಥೆ ಬಹಳ ಜನರಿಗೆ ಈಗಲೂ ಗೊತ್ತಿಲ್ಲ. ಗುಂಡಿ ಒತ್ತಿದ ಕೂಡಲೇ ಎಚ್ಚರವಾಗುವುದು ಮದರ್‌ಬೋರ್ಡಿನ ಮೇಲಿನ ಒಂದು ಸಣ್ಣ ಚಿಪ್. ಹೆಚ್ಚೆಂದರೆ ಅರ್ಧ ಬೆರಳಿನಷ್ಟು ದೊಡ್ಡದು. ಅದರೊಳಗೆ ಬರೆದಿಟ್ಟ ಪ್ರೋಗ್ರಾಮ್ ಮೆಮರಿಯನ್ನು ಎಬ್ಬಿಸಿ, ಡಿಸ್ಕನ್ನು ಹುಡುಕಿ, ಎಲ್ಲ ಸರಿಯಿದೆ ಎಂದಮೇಲೆ ಯಂತ್ರವನ್ನು ನಿಮ್ಮ ಕೈಗೆ ಕೊಡುತ್ತದೆ. ಅದನ್ನು ಬಯೋಸ್ ಎನ್ನುತ್ತಾರೆ, ಫರ್ಮ್‌ವೇರ್ ಎಂದೂ ಎನ್ನುತ್ತಾರೆ. ಅದು ಕೆಟ್ಟರೆ ಎಷ್ಟು ದೊಡ್ಡ ಯಂತ್ರವಾದರೂ ತಗಡಿನ ಡಬ್ಬಿ.

ನನಗೆ ಇದನ್ನು ಕಲಿಸಿದವರು ಫೋರ್‌ಮನ್ ಉಸ್ಮಾನ್ ಸಾಬ್. ಎತ್ತರದ ಆಳು, ಮಾತು ಕಡಿಮೆ. ಚಿಪ್ಪಿನ ಬರಹ ಅಳಿಸುವ ನೇರಳಾತೀತ ದೀಪ ಸುಟ್ಟುಹೋದಾಗ ಅವರು ಹೊಸ ದೀಪಕ್ಕೆ ಅರ್ಜಿ ಬರೆಯಲಿಲ್ಲ. ಆ ಕಾಲದ ಚಿಪ್ಪುಗಳ ನೆತ್ತಿಯ ಮೇಲೆ ಗಾಜಿನ ಕಿಂಡಿ ಇರುತ್ತಿತ್ತು. ಅವುಗಳನ್ನು ಒಂದು ತಾಟಿನಲ್ಲಿ ಸಾಲಾಗಿ ಜೋಡಿಸಿ ಕಾಲೇಜಿನ ಮಾಳಿಗೆ ಮೇಲಿನ ಬೀದರದ ಬಿಸಿಲಿಗೆ ವಾರಗಟ್ಟಲೆ ಇಟ್ಟರು. ಸಂಡಿಗೆ ಒಣಗಿಸಿದ್ದಾರೆಂದು ಜವಾನ ತಿಳಿದಿದ್ದ. ಚಿಪ್ಪುಗಳು ಖಾಲಿಯಾದವು, ಮತ್ತೆ ಬರೆದು ಹಾಕಿದೆವು.

ಅವರ ಕಟ್ಟುನಿಟ್ಟು ಮೂರು. ಚಿಪ್ಪಿನ ಒಂದು ತುದಿಯಲ್ಲಿರುವ ಅರ್ಧಚಂದ್ರದ ಗುರುತು ನೋಡದೆ ಸಾಕೆಟ್ಟಿಗೆ ಕೂಡಿಸಬಾರದು. ಇದ್ದದ್ದರ ನಕಲು ತೆಗೆಯದೆ ಹೊಸದು ಬರೆಯಬಾರದು. ಮೂರನೆಯದು ನಮ್ಮ ವರ್ಕ್‌ಶಾಪಿನಲ್ಲಿ ಬಿಟ್ಟರೆ ಬೇರೆಲ್ಲೂ ನಾನು ಕಂಡಿಲ್ಲ. ಯಂತ್ರ ತೆರೆದವನು ಕೆಲಸ ಪೂರ್ತಿಯಾಗಿ, ಯಂತ್ರ ನಡೆದದ್ದನ್ನು ನೋಡಿದ ಮೇಲೆ, ಮುಚ್ಚಳದ ಒಳಮೈ ಮೇಲೆ ಮಾರ್ಕರಿನಿಂದ ಹೆಸರು ಬರೆದು ಏನು ಮಾಡಿದೆ ಎಂದು ಬರೆಯಬೇಕು. ಕೆಲಸ ಮುಗಿಯುವ ಮುಂಚೆ ಬರೆಯುವಂತಿಲ್ಲ, ಮುಗಿದ ಮೇಲೆ ಬರೆಯದೆ ಬಿಡುವಂತಿಲ್ಲ. ಯಾಕೆ ಎಂದು ಒಮ್ಮೆ ಕೇಳಿದ್ದೆ.

"ರಜಿಸ್ಟರ್ ಕಳೀತಾವೋ ವೈಜನಾಥ. ಮುಚ್ಚಳ ಮಶೀನ್ ಸಂಗಾಟ ಹೋಗ್ತದ. ನಾಳಿ ಯಾವನಾರ ತೆಗೆದ್ರ ಅವಗ ತಿಳೀಬೇಕು, ಇದರಾಗ ಯಾರ ಕೈ ಆಡ್ಯಾದ ಅಂತ."

ಎರಡನೆಯ ಕಟ್ಟುನಿಟ್ಟನ್ನು ನಾನು ಔರಾದದಲ್ಲಿ ಮುರಿದೆ. ಅಲ್ಲಿನ ಆಫೀಸಿನ ಯಂತ್ರ ಹೊಸ ದೊಡ್ಡ ಡಿಸ್ಕನ್ನು ಗುರುತಿಸುತ್ತಿರಲಿಲ್ಲ. ಕಂಪನಿ ಕಳಿಸಿದ ಹೊಸ ಬಯೋಸ್ ಫ್ಲಾಪಿಯಲ್ಲಿತ್ತು. ಐದು ನಿಮಿಷದ ಕೆಲಸ, ನಕಲು ಯಾಕೆ ಎಂದುಕೊಂಡು ಬರೆಯಲು ಹಚ್ಚಿದೆ. ಅರ್ಧ ಬರೆದಾಗ ಕರೆಂಟ್ ಹೋಯಿತು. ಬಂದಾಗ ಯಂತ್ರ ಉಸಿರೆತ್ತಲಿಲ್ಲ. ವಿದ್ಯಾರ್ಥಿಗಳ ಅಂಕಪಟ್ಟಿ ಎರಡು ದಿನದಲ್ಲಿ ಹೋಗಬೇಕಿತ್ತು. ಬೋರ್ಡನ್ನು ಬಿಚ್ಚಿ ಟವೆಲ್ಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬೀದರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಉಸ್ಮಾನ್ ಸಾಬರಿಗೆ ಏನು ಹೇಳಬೇಕೆಂದು ಮಾತು ಜೋಡಿಸುತ್ತ ಬಂದೆ.

ಅವರು ಕೇಳಿಸಿಕೊಂಡರು, ಚಹಾ ಮುಗಿಸಿದರು, ಒಂದು ಮಾತೂ ಬೈಯಲಿಲ್ಲ. ನಮ್ಮ ಲ್ಯಾಬಿನಲ್ಲಿ ಅದೇ ಮಾದರಿಯ ಇನ್ನೊಂದು ಯಂತ್ರವಿತ್ತು. ಅದರ ಚಿಪ್ಪಿನ ಕೆಳಗೆ ಹೊಲಿಗೆ ದಾರ ತೂರಿಸಿ ಗಂಟು ಹಾಕಿದರು. ಯಂತ್ರ ಚಾಲೂ ಮಾಡಿ, ಅದು ನಡೆಯುತ್ತಿರುವಾಗಲೇ ದಾರ ಹಿಡಿದು ಚಿಪ್ಪನ್ನು ನೆಟ್ಟಗೆ ಮೇಲಕ್ಕೆತ್ತಿ, ಆ ಜಾಗದಲ್ಲಿ ನನ್ನ ಸತ್ತ ಚಿಪ್ ಕೂಡಿಸಿ ಮತ್ತೆ ಬರೆದರು. ಯಂತ್ರ ಒಮ್ಮೆ ಎದ್ದಮೇಲೆ ಆ ಚಿಪ್ಪಿನ ಹಂಗು ಅದಕ್ಕಿರುವುದಿಲ್ಲ. ಅದು ನನಗೆ ಅಂದೇ ತಿಳಿದದ್ದು. ಮರುದಿನ ಔರಾದಕ್ಕೆ ಅವರೇ ಬಂದರು. ಯಂತ್ರ ನಡೆಯಿತು. ನಾನು ಮುಚ್ಚಳದ ಒಳಗೆ "ಬಯೋಸ್ ಹೊಸದು ಹಾಕಿದೆ" ಎಂದು ಬರೆದು ಹೆಸರು ಹಾಕಿದೆ.

"ಪೂರಾ ಬರಿ" ಎಂದರು.

"ಇನ್ನೇನ್ರಿ ಸಾಬ್?"

"ನಕಲು ತೆಗೀಲಿಲ್ಲ, ನನ್ನ ತಪ್ಪು ಅಂತ ಬರಿ. ಮುಚ್ಚಳಕ್ಕ ಸುಳ್ಳು ಹೇಳಬಾರದು."

ಬರೆದೆ. ಆ ಯಂತ್ರ ಗುಜರಿಗೆ ಹೋಗುವವರೆಗೂ ಔರಾದಕ್ಕೆ ಹೋದಾಗಲೆಲ್ಲ ಅದರ ಕಡೆ ನೋಡಲು ನಾಚಿಕೆಯಾಗುತ್ತಿತ್ತು.

ನನ್ನ ಮೇಲಿದ್ದವರಲ್ಲಿ ಇನ್ನೊಬ್ಬರನ್ನು ಹೇಳಲೇಬೇಕು. ಒಬ್ಬ ಪ್ರಾಚಾರ್ಯರು. ಅವರ ಕೋಣೆ ಲ್ಯಾಬಿನ ಮಗ್ಗುಲಿಗೇ ಇತ್ತು. ಬೆಳಿಗ್ಗೆ ನಲವತ್ತು ಯಂತ್ರಗಳನ್ನು ಒಟ್ಟಿಗೆ ಚಾಲೂ ಮಾಡಿದರೆ ನಲವತ್ತೂ ಒಂದರ ಹಿಂದೊಂದು ಬೀಪ್ ಎನ್ನುತ್ತಿದ್ದವು. ಎಲ್ಲ ಸರಿಯಿದೆ ಎಂದು ಬಯೋಸ್ ಹೇಳುವ ರೀತಿ ಅದು. ಪ್ರಾಚಾರ್ಯರಿಗೆ ತಲೆನೋವಿನ ಕಾಯಿಲೆ. "ಅದರ ಬಾಯಿ ಮುಚ್ಚಿಸ್ರಿ" ಎಂದರು. ನಾನು ಪ್ರತಿ ಯಂತ್ರದೊಳಗಿನ ರೂಪಾಯಿ ಬಿಲ್ಲೆಯ ಗಾತ್ರದ ಸ್ಪೀಕರನ್ನು ವೈರ್ ಸಮೇತ ಕಿತ್ತು ಒಂದು ಬಿಸ್ಕೀಟ್ ಡಬ್ಬಿಗೆ ಹಾಕಿದೆ. ಪ್ರಾಚಾರ್ಯರು ಎಲ್ಲರ ಎದುರು ನನ್ನ ಬೆನ್ನು ತಟ್ಟಿದರು. ಅವರು ವರ್ಗವಾಗಿ ಹೋದರು, ಚಾಳಿ ನನ್ನಲ್ಲಿ ಉಳಿಯಿತು. ಆಮೇಲೆ ಯಾವ ಲ್ಯಾಬಿಗೆ ಹೊಸ ಯಂತ್ರ ಬಂದರೂ ಮೊದಲು ಸ್ಪೀಕರ್ ಕೀಳುವುದು, ಆಮೇಲೆ ಉಳಿದ ಕೆಲಸ. ಯಾರೂ ಕೇಳಿರಲಿಲ್ಲ. ನನಗೇ ಆ ಸದ್ದು ಕಿರಿಕಿರಿ ಎನಿಸತೊಡಗಿತ್ತು. ಪರದೆ ನೋಡಿದರೆ ಎಲ್ಲ ಕಾಣುತ್ತದಲ್ಲ, ಅದು ಕೂಗುವುದೇಕೆ ಎಂಬುದು ನನ್ನ ತರ್ಕ.

ಕೆಲಸದ ರೀತಿಯೂ ಬದಲಾಗುತ್ತ ಬಂತು. ಕಿಂಡಿಯ ಚಿಪ್ಪು ಹೋಗಿ ಎಂಟು ಕಾಲಿನ ಸಣ್ಣ ಚಿಪ್ಪು ಬಂತು. ಅದನ್ನು ಕಿತ್ತು, ಲ್ಯಾಪ್‌ಟಾಪಿಗೆ ಹಚ್ಚುವ ಬೆಂಕಿಪೊಟ್ಟಣದಷ್ಟು ಸಾಧನದಲ್ಲಿ ಕೂಡಿಸಿದರೆ ಓದಬಹುದು, ಬರೆಯಬಹುದು. ಕರೆಂಟ್ ಹೋದರೂ ಭಯವಿಲ್ಲ. ಇನ್ನೊಂದು ಬದಲಾವಣೆ ನನಗೆ ತಿಳಿದದ್ದು ಸೇವೆಯ ಕೊನೆಯ ವರ್ಷಗಳಲ್ಲಿ. ಕಂಪನಿಗಳು ಬಯೋಸನ್ನು ಬೀಗ ಹಾಕಿಯೇ ಕೊಡುತ್ತವೆ. ಒಳಗೇನಿದೆ ಎಂದು ನೋಡುವಂತಿಲ್ಲ, ತಿದ್ದುವಂತಿಲ್ಲ. ಬೋರ್ಡು ಹಳೆಯದಾದರೆ ಅವರೂ ಕೈಬಿಡುತ್ತಾರೆ. ಆದರೆ ಬೇರೆ ಬೇರೆ ಊರುಗಳ ಜನ ಸೇರಿ ಅದೇ ಕೆಲಸ ಮಾಡುವ ಮುಕ್ತ ಫರ್ಮ್‌ವೇರ್ ಬರೆದು ಇಂಟರ್‌ನೆಟ್ಟಿನಲ್ಲಿ ಇಟ್ಟಿದ್ದಾರೆ. ಯಾರಾದರೂ ಓದಬಹುದು, ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು, ಕೇಳುವವರಿಲ್ಲ. ಎಲ್ಲ ಬೋರ್ಡಿಗೂ ಇಲ್ಲ, ಕೆಲವಕ್ಕಷ್ಟೇ ಇದೆ. ನಾನು ಒಂದು ಹಾಳು ಬೋರ್ಡಿನ ಮೇಲೆ ಹಾಕಿ ನೋಡಿದ್ದೆ. ಕುತೂಹಲಕ್ಕೆ ಮಾಡಿದ್ದು, ಅದರಿಂದ ಯಾರಿಗೂ ಏನೂ ಆಗಬೇಕಿರಲಿಲ್ಲ.

ಆಗಬೇಕಾದ್ದು ಭಾಲ್ಕಿಯಲ್ಲಿತ್ತು.

ಭಾಲ್ಕಿಯ ಅಂಧ ಮಕ್ಕಳ ಶಾಲೆಯೊಂದರಿಂದ ಫೋನು ಬಂದಾಗ ನನ್ನ ನಿವೃತ್ತಿಗೆ ಕೆಲವು ತಿಂಗಳು ಬಾಕಿ. ಅಲ್ಲಿ ಬ್ರೈಲ್ ಪುಸ್ತಕ ಸಿದ್ಧಮಾಡುವ ಶಾಂತಾಬಾಯಿ ಟೀಚರ್ ಫೋನು ಮಾಡಿದ್ದರು. ಮಕ್ಕಳ ಪಾಠದ ಪುಸ್ತಕಗಳನ್ನು ಕಂಪ್ಯೂಟರಿನಲ್ಲಿ ಹಾಕಿ, ಕಾಗದದ ಮೇಲೆ ಉಬ್ಬು ಚುಕ್ಕಿ ಕುಟ್ಟುವ ಎಂಬಾಸರ್ ಯಂತ್ರದಿಂದ ತೆಗೆಯುವುದು ಅವರ ಕೆಲಸ. ಅವರಿಗೂ ಕಣ್ಣಿಲ್ಲ. ಕಂಪ್ಯೂಟರ್ ಪರದೆಯನ್ನು ಓದಿ ಹೇಳುವ ಪ್ರೋಗ್ರಾಮ್ ಇರುವುದರಿಂದ ಯಂತ್ರ ಒಮ್ಮೆ ಪೂರ್ತಿ ಎದ್ದರೆ ಅವರಿಗೆ ಯಾರೂ ಬೇಕಿಲ್ಲ. ಏಳುವ ಮುಂಚಿನ ಆ ಒಂದೆರಡು ನಿಮಿಷವೇ ತಕರಾರು.

ಯಂತ್ರ ದಾನವಾಗಿ ಬಂದ ದೊಡ್ಡ ವರ್ಕ್‌ಸ್ಟೇಷನ್. ಆ ಮಾದರಿ ನನಗೆ ಗೊತ್ತಿತ್ತು. ನಮ್ಮ ಡ್ರಾಯಿಂಗ್ ಲ್ಯಾಬಿನಲ್ಲೂ ನಾಲ್ಕಿದ್ದವು, ಹಳೆಯವಾದ ಮೇಲೆ ಎಲ್ಲೆಲ್ಲಿಗೋ ಹೋಗಿದ್ದವು. ಬೋರ್ಡಿನಲ್ಲಿ ಫ್ಯಾನ್ ತಿರುಗುವುದನ್ನು ಎಣಿಸುವ ಭಾಗ ಕೆಟ್ಟಿತ್ತು. ಕರೆಂಟ್ ಹೋಗಿ ಬಂದಾಗಲೆಲ್ಲ, ಭಾಲ್ಕಿಯಲ್ಲಿ ಅದು ದಿನಕ್ಕೆ ಹಲವು ಸಲ, ಫ್ಯಾನ್ ಇಲ್ಲ, ಕೀಬೋರ್ಡಿನ ಒಂದು ಕೀಲಿ ಒತ್ತಿ ಎಂದು ಬಯೋಸ್ ನಿಂತುಬಿಡುತ್ತಿತ್ತು. ಹೊಸ ಫ್ಯಾನ್ ಹಾಕಿದರೂ ಅದೇ ಮಾತು. ಕೆಲವು ಸಲ ಗಡಿಯಾರ ತಪ್ಪಿದೆ ಎಂದು ಬೇರೆ ಕೀಲಿ ಕೇಳುತ್ತಿತ್ತು. ಯಾವುದು ಕೇಳಿದೆ ಎಂದು ಶಾಂತಾಬಾಯಿಯವರಿಗೆ ತಿಳಿಯುವ ಬಗೆ ಇರಲಿಲ್ಲ, ಆ ಹೊತ್ತಿಗೆ ಓದಿ ಹೇಳುವ ಪ್ರೋಗ್ರಾಮ್ ಇನ್ನೂ ಎದ್ದಿರುವುದಿಲ್ಲ. ಒಮ್ಮೆ ಅಂದಾಜಿನಲ್ಲಿ ಒತ್ತಿ ಸೆಟ್ಟಿಂಗಿನೊಳಗೆ ಹೋಗಿ ಡಿಸ್ಕೇ ಕಾಣದಂತೆ ಮಾಡಿಬಿಟ್ಟಿದ್ದರು. ಒಂಬತ್ತು ದಿನ ಯಂತ್ರ ಮಲಗಿತ್ತು.

ನಾನು ಹೋದ ದಿನ ಶಾಲೆಯ ಕಾರ್ಯದರ್ಶಿ ಅಲ್ಲೇ ಇದ್ದರು. ಕೆಟ್ಟ ಮನುಷ್ಯರಲ್ಲ, ಮುಲಾಜಿಲ್ಲದವರು.

"ಟೀಚರ್ ಬಗ್ಗಿ ನಮಗೇನ್ ತಕರಾರಿಲ್ರಿ. ಖರೆ, ದಿನಾ ನಾಕು ಸಲ ಆಫೀಸಿನಾಗಿನವರು ಎದ್ದು ಹೋಗಿ ಬಟನ್ ಒತ್ತಬೇಕಂದ್ರ ಹ್ಯಾಂಗ್ರಿ? ಸಾಲಿ ಸುರು ಆಗೂದ್ರಾಗ ಸರಿ ಆಗ್ಲಿಲ್ಲಂದ್ರ ಕಣ್ಣಿದ್ದವರನ್ನ ಕೂಡಿಸ್ತೀವಿ. ಇವರು ಹಾಸ್ಟೆಲ್ ನೋಡ್ಕೋತಾರ."

 ಅವರು ಹೋದಮೇಲೆ ಶಾಂತಾಬಾಯಿ ಎಂಬಾಸರ್ ಮೇಲಿನ ಒಂದು ಹಾಳೆಯ ಮೇಲೆ ಕೈಯಾಡಿಸುತ್ತ ಹೇಳಿದರು:

"ಹಿಂದ ಎರಡು ತಿಂಗಳ ಕಣ್ಣಿದ್ದವರೇ ಕೂತಿದ್ರು ಸರ್. ಹುಡುಗರ ಗಣಿತದ ಪುಸ್ತಕ ತೆಗೆದ್ರು. ನೋಡಾಕ ಚಂದ ಇತ್ತಂತ. ಮುಟ್ಟಿದ್ರ ಕೂಡ್ಸೂದು ಎಲ್ಲಿ, ಕಳಿಯೂದು ಎಲ್ಲಿ ತಿಳೀತಿರ್ಲಿಲ್ಲ. ಯಾರಿಗಿ ಹೇಳ್ಬೇಕು? ನಾ ಈ ಕುರ್ಚಿದಾಗ ಕೂತದ್ದು ಹಟಕ್ಕಲ್ರಿ. ತಪ್ಪು ನನ್ನ ಬೆರಳಿಗಿ ಸಿಗ್ತಾವ, ಅದಕ್ಕ."

ಆ ಮಾತು ನನಗೆ ನಾಟಿತು. ಇದೊಂದು ಕೆಲಸ ಮುಗಿಸದೆ ನಿವೃತ್ತಿಯಾಗಬಾರದು ಎಂದುಕೊಂಡೆ. ಆ ಬೋರ್ಡಿಗೆ ಮುಕ್ತ ಫರ್ಮ್‌ವೇರ್ ಇತ್ತು. ಅದಕ್ಕೆ ಫ್ಯಾನಿನ ಗೊಡವೆ ಇಲ್ಲ, ಕೀಲಿ ಕೇಳಿ ನಿಲ್ಲುವುದೂ ಇಲ್ಲ. ಚಿಪ್ ಬೆಸುಗೆ ಹಾಕಿದ್ದಲ್ಲ, ಸಾಕೆಟ್ಟಿನಲ್ಲಿ ಕೂತಿತ್ತು. ಅದೃಷ್ಟವೆಂದೇ ಹೇಳಬೇಕು.

ಔರಾದದ ಪಾಠ ಮರೆತಿರಲಿಲ್ಲ. ಮುಚ್ಚಳ ಬಿಚ್ಚಿ ಗೋಡೆಗೆ ಆನಿಸಿಟ್ಟು, ಚಿಪ್ ಕಿತ್ತು, ಎರಡು ಸಲ ಓದಿ, ಎರಡೂ ನಕಲು ಒಂದೇ ಎಂದು ತಾಳೆ ನೋಡಿದೆ. ಹಳೆಯ ಚಿಪ್ಪನ್ನು ಹಾಗೇ ಕಾಗದದ ಪುಡಿಕೆ ಕಟ್ಟಿ ಜೇಬಿಗೆ ಹಾಕಿಕೊಂಡು, ಅದೇ ಜಾತಿಯ ಹೊಸ ಚಿಪ್ಪಿನ ಮೇಲೆ ಬರೆದೆ. ಅರ್ಧಚಂದ್ರ ನೋಡಿ ಕೂಡಿಸಿ ಗುಂಡಿ ಒತ್ತಿದೆ.

ಪರದೆ ಕಪ್ಪಗೇ ಇತ್ತು. ಫ್ಯಾನು ತಿರುಗುತ್ತಿದೆ, ಬೇರೇನೂ ಇಲ್ಲ. ನಾನು ಬೆವರು ಒರೆಸಿಕೊಳ್ಳುತ್ತಿರುವಾಗ ಮೂಲೆಯಲ್ಲಿದ್ದ ಎಂಬಾಸರ್ ತನ್ನಷ್ಟಕ್ಕೆ ತಾನೇ ಟಕಟಕ ಎಂದು ಕುಟ್ಟತೊಡಗಿತು. ಯಾರೂ ಅದಕ್ಕೆ ಏನೂ ಹೇಳಿರಲಿಲ್ಲ. ಶಾಂತಾಬಾಯಿ ಹೋಗಿ ಹೊರಬಂದ ಹಾಳೆ ಮುಟ್ಟಿ ನೋಡಿದರು.

"ಇದು ಯಾವ ಭಾಷಿನೂ ಅಲ್ರಿ ಸರ್. ಬರೇ ಗೀಚಿದಂಗ ಅದ."

ಆಗ ಹೊಳೆಯಿತು. ಮುಕ್ತ ಫರ್ಮ್‌ವೇರ್ ತಾನು ಏನು ಮಾಡುತ್ತಿದ್ದೇನೆ ಎಂಬುದನ್ನು ಏಳುವಾಗಲೇ ಸಾಲು ಸಾಲಾಗಿ ಹಿಂಬದಿಯ ಸೀರಿಯಲ್ ತಂತಿಗೆ ಕಳಿಸುತ್ತದೆ. ನಮ್ಮಂಥ ಮೆಕ್ಯಾನಿಕರು ಅಲ್ಲಿ ಲ್ಯಾಪ್‌ಟಾಪ್ ಹಚ್ಚಿ ಓದಲಿ ಎಂದು. ಆ ತಂತಿಗೆ ಎಂಬಾಸರ್ ಹಚ್ಚಿತ್ತು. ಇದು ಮಾತಾಡುವ ವೇಗಕ್ಕೂ ಅದು ಕೇಳುವ ವೇಗಕ್ಕೂ ಹೊಂದದೆ ಗೀಚಾಟವಾಗಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಸೀರಿಯಲ್ ಕಿಂಡಿ ಇಲ್ಲ, ಅದಕ್ಕೆ ಬೇಕಾದ ಜೋಡಣೆಯ ತಂತಿಯನ್ನು ಬೀದರದಲ್ಲೇ ಬಿಟ್ಟು ಬಂದಿದ್ದೆ. ಆದರೆ ಫರ್ಮ್‌ವೇರನ್ನು ತಿದ್ದಬಹುದಲ್ಲ. ವೇಗ ಇಳಿಸಿ, ಮಾತು ಕಡಿಮೆ ಮಾಡಿಸಿ, ಮತ್ತೆ ಬರೆದು ಕೂಡಿಸಿದೆ. ಎಂಬಾಸರ್ ಮತ್ತೆ ಕುಟ್ಟಿತು.

ಈ ಸಲ ಶಾಂತಾಬಾಯಿ ಹಾಳೆಯ ಮೇಲೆ ಬೆರಳಿಟ್ಟವರು ತೆಗೆಯಲಿಲ್ಲ.

"ಇಂಗ್ಲಿಷ್ ಅದರಿ. ಅರ್ಧಂಬರ್ಧ ಬಂದದ, ಆದ್ರ ತಿಳೀತದ."

ನಾನು ಬಗ್ಗಿ ನೋಡಿದೆ. ಬಿಳಿ ಹಾಳೆ, ಬಿಳಿ ಚುಕ್ಕಿ. ಇಡೀ ಸೇವೆಯಲ್ಲಿ ಎಷ್ಟೋ ಯಂತ್ರಗಳ ಪರದೆ ಓದಿದ ನನಗೆ ಆ ಯಂತ್ರದ ಮಾತು ಒಂದಕ್ಷರವೂ ಗೊತ್ತಾಗಲಿಲ್ಲ. ನನಗೆ ಅವಮಾನವಾಯಿತು ಎನ್ನಲಾರೆ. ವಿಚಿತ್ರವಾಯಿತು.

"ಕಡಿ ಸಾಲು ಓದ್ರಿ ಟೀಚರ್."

"ಮೆಮರಿ ಅಂತದ. ಆಮ್ಯಾಲ ಎರಡನೇ ಚಾನೆಲ್. ಆಮ್ಯಾಲ ಇಲ್ಲ ಅಂತದ. ಅಷ್ಟೇರಿ, ಮುಂದ ಏನಿಲ್ಲ."

ಮೆಮರಿ ಪಟ್ಟಿಗಳು ತಪ್ಪು ಸಾಲಿನಲ್ಲಿ ಕೂತಿದ್ದವು. ಕಂಪನಿಯ ಬಯೋಸ್ ಅದನ್ನು ಸಹಿಸಿಕೊಂಡಿತ್ತು, ಇದು ಸಹಿಸಲಿಲ್ಲ. ಪಟ್ಟಿಗಳನ್ನು ಪಕ್ಕದ ಬೇರೆ ಬಣ್ಣದ ಸಾಲಿಗೆ ಬದಲಿಸಿ ಗುಂಡಿ ಒತ್ತಿದೆ. ಎಂಬಾಸರ್ ಕುಟ್ಟಿತು, ಅವರು ಓದುತ್ತ ಹೋದರು: ಮೆಮರಿ ಸಿಕ್ಕಿತು, ಡಿಸ್ಕ್ ಸಿಕ್ಕಿತು. ಸ್ವಲ್ಪ ಹೊತ್ತಿಗೆ ಅವರ ಪರದೆ ಓದುವ ಪ್ರೋಗ್ರಾಮ್ ತಾನೇ ಮಾತಾಡಿತು. ಯಾರೂ ಯಾವ ಕೀಲಿಯನ್ನೂ ಒತ್ತಿರಲಿಲ್ಲ. ದೋಷ ಕಂಡುಹಿಡಿದವರು ಅವರು, ಪಟ್ಟಿ ಬದಲಿಸಿದ್ದಷ್ಟೇ ನಾನು.

ಮಧ್ಯಾಹ್ನ ಅವರ ಡಬ್ಬಿಯ ಜೋಳದ ರೊಟ್ಟಿ, ಶೇಂಗಾ ಹಿಂಡಿ ಇಬ್ಬರೂ ತಿಂದೆವು. ನಾನು ಖುಷಿಯಲ್ಲಿದ್ದೆ, ಅವರು ಪೂರ್ತಿ ಒಪ್ಪಿರಲಿಲ್ಲ.

"ಪ್ರತಿ ಸಲ ಇಷ್ಟು ಮಾತಾಡಿದ್ರ ಕಾಗದ ಮುಗೀತದರಿ. ಹುಡುಗರ ಪುಸ್ತಕಕ್ಕ ಏನ್ ಉಳೀತದ? ಎದ್ದೀನಿ ಅಂತ ಒಂದು ಮಾತು ಹೇಳಿದ್ರ ಸಾಕು."

"ಒಂದು ಮಾತು ಅಂದ್ರ ಹ್ಯಾಂಗ್ರಿ?"

"ನಾ ಟ್ರೇನಿಂಗ್ ಮಾಡಿದ ಕಡಿ ಸಣ್ಣ ಮಶೀನ್ ಇದ್ದು. ಚಾಲೂ ಮಾಡಿದ್ರ ಬೀಪ್ ಅಂತಿದ್ದು. ಒಂದು ಸಲ ಅಂದ್ರ ಬರಾಬರ್. ಭಾಳ ಸಲ ಅಂದ್ರ ಏನೋ ಕೆಟ್ಟದ, ಕೈ ಹಚ್ಚಬಾರದು ಅಂತ ತಿಳೀತಿತ್ತು. ಇದು ಬಂದ ದಿನದಿಂದ ಮೂಕೇ ಅದರಿ. ದೊಡ್ಡ ಮಶೀನ್ ಹಂಗೇ ಇರ್ತಾವ ಅನಕೊಂಡಿದ್ದೆ."

ನಾನು ಬೋರ್ಡಿನ ಮೂಲೆಯಲ್ಲಿ ಸ್ಪೀಕರ್ ವೈರ್ ಸಿಕ್ಕಿಸುವ ಮುಳ್ಳಿನಂಥ ನಾಲ್ಕು ಪಿನ್ ನೋಡಿದೆ. ಖಾಲಿ.

"ಇದಕ್ಕೂ ಸ್ಪೀಕರ್ ಇತ್ರಿ ಟೀಚರ್. ಯಾವನೋ ಪುಣ್ಯಾತ್ಮ ಕಿತ್ತಾನ" ಎಂದೆ.

ಹೀಗೆ ಅಂದೆ, ಬೀದರದ ನನ್ನ ಬಿಸ್ಕೀಟ್ ಡಬ್ಬಿ ಆ ಗಳಿಗೆಯಲ್ಲಿ ನೆನಪಿಗೇ ಬರಲಿಲ್ಲ. ಬಂದದ್ದು ಮರುದಿನ, ಸ್ಪೀಕರ್ ಎಲ್ಲಿ ಸಿಗುತ್ತದೆ ಎಂದು ಯೋಚಿಸುವಾಗ. ಅದರಲ್ಲಿಂದ ಒಂದನ್ನು ಆರಿಸಿಕೊಂಡು ಎರಡು ದಿನ ಬಿಟ್ಟು ಮತ್ತೆ ಭಾಲ್ಕಿಗೆ ಹೋದೆ. ಆಗಲೂ ಆ ಡಬ್ಬಿಯನ್ನೂ ಈ ಯಂತ್ರದ ಖಾಲಿ ಜಾಗವನ್ನೂ ಕೂಡಿಸಿ ನೋಡಬೇಕೆಂದು ತೋಚಲಿಲ್ಲ.

ಸ್ಪೀಕರ್ ಹಚ್ಚಿ, ಸೀರಿಯಲ್ ತಂತಿಯ ಮಾತು ನಿಲ್ಲಿಸಿದೆ. ಫರ್ಮ್‌ವೇರಿನ ಕೊನೆಯಲ್ಲಿ ಡಿಸ್ಕನ್ನು ಎಬ್ಬಿಸುವ ಒಂದು ಸಣ್ಣ ಪ್ರೋಗ್ರಾಮ್ ಇರುತ್ತದೆ. ಅದರಲ್ಲಿ ಎರಡು ಸಾಲು ಸೇರಿಸಿದೆ. ಎಲ್ಲ ಸರಿಯಿದ್ದರೆ ಒಂದು ಸ್ವರ, ಡಿಸ್ಕ್ ಸಿಗದಿದ್ದರೆ ಮೂರು. ಎಷ್ಟು ದಪ್ಪ, ಎಷ್ಟು ಉದ್ದ ಎಂಬುದನ್ನು ಶಾಂತಾಬಾಯಿಯೇ ಕೇಳಿ ಕೇಳಿ ಆರಿಸಿದರು. ನಾನು ಕೊಟ್ಟ ಮೊದಲ ಸ್ವರ ಅವರಿಗೆ ಹಿಡಿಸಲಿಲ್ಲ, ಸೈಕಲ್ ಬೆಲ್ಲಿನಂತಿದೆ ಎಂದರು.

ಕಾರ್ಯದರ್ಶಿಯನ್ನು ಕರೆದೆವು. ಅವರು ನಂಬುವ ಜನವಲ್ಲ. ಗೋಡೆಯ ಮೇನ್ ಸ್ವಿಚ್ಚನ್ನು ತಾವೇ ಆರಿಸಿದರು, ಹಚ್ಚಿದರು. ಶಾಂತಾಬಾಯಿ ಕುರ್ಚಿಯಲ್ಲಿ ಕೈ ಮಡಚಿ ಕೂತಿದ್ದರು. ಮೆಮರಿ ತಾಳೆ ನೋಡಿಕೊಳ್ಳಲು ಆ ಯಂತ್ರಕ್ಕೆ ಅರ್ಧ ನಿಮಿಷ ಬೇಕು.  ಆಮೇಲೆ ಬೀಪ್ ಎಂದಿತು.

"ಎದ್ದದ್ರಿ" ಎಂದರು ಶಾಂತಾಬಾಯಿ.

ಮೂರು ಸಲ ಆರಿಸಿ ಹಚ್ಚಿದರು, ಮೂರು ಸಲವೂ ಎದ್ದಿತು. ನಾಲ್ಕನೆಯ ಸಲಕ್ಕೆ ನಾನೇ ಡಿಸ್ಕಿನ ತಂತಿ ಬಿಚ್ಚಿಟ್ಟೆ. ಮೂರು ಬೀಪ್ ಬಂದವು. "ಡಿಸ್ಕ್ ಇಲ್ರಿ, ನಾ ಕೈ ಹಚ್ಚಂಗಿಲ್ಲ" ಎಂದರು ಟೀಚರ್. ಕಾರ್ಯದರ್ಶಿ, "ಆಯ್ತು ಟೀಚರ್, ನೀವೇ ನಡಸ್ರಿ. ಹಾಸ್ಟೆಲ್ಲಿಗಿ ಬ್ಯಾರೆಯವರನ್ನ ನೋಡ್ತೀವಿ" ಎಂದು ಹೊರಟುಹೋದರು.

ಕೆಲಸ ಮುಗಿದಿತ್ತು. ಇನ್ನು ಮುಚ್ಚಳ ಹಾಕುವುದು. ಮಾರ್ಕರ್ ತೆಗೆದುಕೊಂಡು, ಅಷ್ಟು ದಿನದಿಂದ ಒಳಮೈಯನ್ನು ಗೋಡೆಯ ಕಡೆ ಮಾಡಿ ನಿಂತಿದ್ದ ಮುಚ್ಚಳವನ್ನು ತಿರುಗಿಸಿದೆ. ಒಳಮೈ ಮೇಲೆ ಆಗಲೇ ಬರಹವಿತ್ತು. ಮಸುಕಾಗಿತ್ತು, ಓದಲು ಅಡ್ಡಿಯಿರಲಿಲ್ಲ.

"ಸ್ಪೀಕರ್ ತೆಗೆದಿದೆ. ಕಿರಿಕಿರಿ. ವೈಜನಾಥ."

ನನ್ನ ಅಕ್ಷರ, ನನ್ನ ಹೆಸರು. ನಮ್ಮ ಡ್ರಾಯಿಂಗ್ ಲ್ಯಾಬಿನ ನಾಲ್ಕರಲ್ಲಿ ಒಂದು ಇದು.

"ಯಾಕ್ ಸುಮ್ಮನಾದ್ರಿ ಸರ್?" ಶಾಂತಾಬಾಯಿ ಕೇಳಿದರು.

ಮುಚ್ಚಿಡಬಹುದಿತ್ತು. ಅವರಿಗೆ ಕಾಣುವುದಿಲ್ಲ, ಕಾರ್ಯದರ್ಶಿ ಹೋಗಿಯಾಗಿತ್ತು. ಹಾಗೆ ಅನ್ನಿಸಿದ್ದೂ ನಿಜ, ಅದನ್ನೂ ಬರೆದೇಬಿಡುತ್ತೇನೆ. ಆದರೆ ಮುಚ್ಚಳಕ್ಕೆ ಸುಳ್ಳು ಹೇಳಬಾರದು ಎಂದು ಕಲಿಸಿದವರು ನೆನಪಾದರು. ಇದ್ದದ್ದನ್ನು ಇದ್ದಂತೆ ಓದಿ ಹೇಳಿದೆ.

"ಮೊನ್ನಿ ನಾ ಬೈದ ಪುಣ್ಯಾತ್ಮ ನಾನೇ ಇದ್ದೀನ್ರಿ ಟೀಚರ್. ತಪ್ಪಾಗ್ಯಾದ."

ಅವರು ಯಂತ್ರದ ಮೈ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು.

"ಹಂಗಾದ್ರ ಇದು ಮೂಕ ಇರ್ಲಿಲ್ಲ" ಎಂದರು.

"ಇರ್ಲಿಲ್ರಿ."

"ಸಿಟ್ಟು ಬಂದದರಿ ಸರ್. ಸುಳ್ಳು ಯಾಕ್ ಹೇಳ್ಲಿ. ಈ ಒಂದು ಸದ್ದಿಲ್ದ ಎಷ್ಟು ವರ್ಷ ಮಂದಿನ್ನ ಕರದೀನಿ. ಒಬ್ಬರು ಬರ್ತೀನಿ ಅಂತಿದ್ರು, ಒಬ್ಬರು ಗೊಣಗ್ತಿದ್ರು. ಕಂಪನಿ ಬಯೋಸ್ ಇದ್ದಾಗೂ ಅದು ಬೀಪ್ ಅಂದು ನಿಂತೀನಿ ಅಂತ ಹೇಳ್ತಿತ್ತು, ಸ್ಪೀಕರ್ ಇಲ್ದ ನನಗ ಕೇಳ್ಲಿಲ್ಲ. ಅಷ್ಟೇ."

ಹಳೆಯ ಚಿಪ್ಪಿನ ಪುಡಿಕೆಯನ್ನು ಯಂತ್ರದೊಳಗೆ ಒಂದು ಮೂಲೆಗೆ ಅಂಟಿಸಿದೆ. ಹಳೆಯ ಬರಹದ ಕೆಳಗೆ ಬರೆದೆ, ಬರೆಯುತ್ತ ಗಟ್ಟಿಯಾಗಿ ಓದಿದೆ: "ಮುಕ್ತ ಫರ್ಮ್‌ವೇರ್ ಹಾಕಿದೆ. ಹಳೆಯ ಚಿಪ್ ಒಳಗೆ ಪುಡಿಕೆಯಲ್ಲಿದೆ. ದೋಷ ಓದಿದವರು ಶಾಂತಾಬಾಯಿ ಟೀಚರ್. ಸ್ಪೀಕರ್ ಮತ್ತೆ ಹಾಕಿದೆ. ಹಿಂದೆ ತೆಗೆದದ್ದು ನನ್ನ ತಪ್ಪು. ವೈಜನಾಥ."

"ನಿಮ್ಮದು ಆಯ್ತು. ನಂದೂ ಒಂದು ಬರೀಬೇಕು" ಎಂದರು.

ಎಂಬಾಸರಿನಿಂದ ಒಂದು ದಪ್ಪ ಪಟ್ಟಿ ತೆಗೆದರು. ನನ್ನ ಕೈ ಹಿಡಿದು ಮುಚ್ಚಳದ ಮೇಲೆ ಜಾಗ ಕೇಳಿ, ನನ್ನ ಬರಹದ ಕೆಳಗೆ ಅಂಟಿಸಿದರು. ಬಿಳಿ ಪಟ್ಟಿಯ ಮೇಲೆ ಬಿಳಿ ಚುಕ್ಕಿ. ಏನು ಬರೆದಿದ್ದೀರಿ ಎಂದೆ. "ಇದರ ಬಾಯಿ ಕೀಳಬ್ಯಾಡ್ರಿ, ಮೊದ್ಲ ನನ್ನ ಕೇಳ್ರಿ ಅಂತ."

"ಟೀಚರ್, ಇನ್ನ ಮುಂದ ಬರೋ ಮೆಕ್ಯಾನಿಕಗ ಇದು ಓದಾಕ ಬರಂಗಿಲ್ಲಲ್ರಿ."

ಶಾಂತಾಬಾಯಿ ಪಟ್ಟಿಯ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಕೂಡಿಸುತ್ತಿದ್ದರು.

"ಬರ್ಲಿಲ್ಲಂದ್ರ ಏನಾಯ್ತರಿ? ಇಷ್ಟು ವರ್ಷ ನಾ ಮಂದಿಗಿ ಕೇಳೀನಿ, ಇದರಾಗ ಏನ್ ಬರದದ ಅಂತ. ಈಗ ಅವರು ಬಂದು ನನ್ನ ಕೇಳ್ಲಿ."